ಬೈಸಿಕೊಳ್ಳುವ ಕೆಲಸ

ನನ್ನನ್ನು ಬೈಯಲು ಜಂಬಣ್ಣ ಸಾರ್ ಕಾರಣ ಹುಡುಕಬೇಕಾಗಿರಲಿಲ್ಲ. ಕಾರಣ ನನ್ನ ಪಕ್ಕದಲ್ಲೇ ಕೂತಿರುತ್ತಿತ್ತು. ಅದರ ಹೆಸರು ಯೋಗರಾಜ್.

ಭದ್ರಾವತಿಯ ಒಂದು ಸಣ್ಣ ಫೌಂಡ್ರಿಯಲ್ಲಿ ನಾವಿಬ್ಬರೂ ಮೋಲ್ಡರುಗಳು. ಬೆಳಿಗ್ಗೆ ಮರಳು ಹದ ಮಾಡಿ ಅಚ್ಚು ಕಟ್ಟುವುದು, ಮಧ್ಯಾಹ್ನ ಕಾದ ಕಬ್ಬಿಣವನ್ನು ಅದಕ್ಕೆ ಹುಯ್ಯುವುದು. ಜಂಬಣ್ಣನವರು ನಮ್ಮ ಸೂಪರ್‌ವೈಸರ್. ಹೊಸಮನೆಯಿಂದ ಅವರು, ರಾಗಿಗುಡ್ಡದಿಂದ ನಾವಿಬ್ಬರು, ಶಿವಮೊಗ್ಗ ಬಸ್‌ಸ್ಟ್ಯಾಂಡಿನಲ್ಲಿ ಒಂದೇ ಬಸ್ಸು ಹತ್ತುತ್ತಿದ್ದೆವು. ವರ್ಷಗಳಿಂದ ಬೆವರು ಸುರಿಸಿದರೂ ನಾನೂ ಯೋಗರಾಜನೂ ಇನ್ನೂ ಟೆಂಪರರಿಗಳೇ.

ಜಂಬಣ್ಣನವರಿಗೆ ಒಂದು ವಿದ್ಯೆ ಒಲಿದಿತ್ತು. ಒಬ್ಬೊಬ್ಬನಿಗೆ ಒಂದೊಂದು ಬಾಯಿ. ಮುದುಕ ವೀರಪ್ಪನಿಗೆ ಅವರು ಕೆಲಸ ಹೇಳುತ್ತಲೇ ಇರಲಿಲ್ಲ, ಸಲಹೆ ಕೇಳುತ್ತಿದ್ದರು. "ವೀರಪ್ಪಣ್ಣ, ಈ ಪೆಟ್ಟಿಗೆ ಇಲ್ಲಿಟ್ರೆ ಸರಿಹೋಗುತ್ತಾ?" ಅಂದರೆ ಸಾಕು, ಆತ ತಾನೇ ಹೊತ್ತು ತಂದು ಇಡುತ್ತಿದ್ದ. ಫರ್ನೇಸಿನ ತಮಿಳರ ಹತ್ತಿರ ಹೋದರೆ "ಎನ್ನಪ್ಪಾ, ಸಾಪ್ಟಾಚಾ" ಅಂತ ಶುರು. ಊಟದ ಸಮಾಚಾರ ಮುಗಿದ ಮೇಲೆಯೇ ಕೆಲಸದ ಸಮಾಚಾರ. ಒಬ್ಬರ ಮುಂದೆ ಆಡಿದ ದನಿಯನ್ನು ಇನ್ನೊಬ್ಬರ ಮುಂದೆ ಆಡಿದ್ದು ನಾನು ಕೇಳಿಲ್ಲ.

ಎಲ್ಲರ ನಾಡಿ ಸಿಕ್ಕಿತ್ತು, ಯೋಗರಾಜನದು ಸಿಗಲಿಲ್ಲ. ಅವನ ಕೈ ಬಂಗಾರ, ಮನಸ್ಸು ಹಪ್ಪಳ. ಒಂದು ಸಲ "ಮರಳಿಗೆ ನೀರು ಜಾಸ್ತಿ ಆಯ್ತಲ್ಲೋ" ಅಂದದ್ದಕ್ಕೆ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟವನು ವಾರ ಬರಲಿಲ್ಲ. ಬಂದ ಮೇಲೂ ಕೈ ನಡುಗಿ ಅಚ್ಚುಗಳೆಲ್ಲ ಒಡೆದವು. ಮೆಲ್ಲಗೆ ಹೇಳಿ ನೋಡಿದರು, ಅದಕ್ಕೂ ಮುಖ ಊದಿಸಿಕೊಂಡ. ಕೆಲಸದಿಂದ ತೆಗೆಯೋಣ ಅಂದರೆ ಅಷ್ಟು ನಯವಾಗಿ ಅಚ್ಚು ಕಟ್ಟುವವನು ಇಡೀ ಭದ್ರಾವತಿಯಲ್ಲಿ ಸಿಗುತ್ತಿರಲಿಲ್ಲ.

ಆಗ ಅವರು ನನ್ನನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಬೋಂಡ ಕೊಡಿಸಿದರು.

"ಹುಲಿಯಪ್ಪಾ, ನಿನಗೆ ಬೈದ್ರೆ ಬೇಜಾರಾಗುತ್ತಾ?"

"ಎಮ್ಮೆ ಮೇಲೆ ಮಳೆ ಸುರಿದ್ರೆ ಎಮ್ಮೆಗೇನು ಸಾರ್" ಅಂದೆ. ದೊಡ್ಡ ಶೂರನ ಹಾಗೆ ಅಂದೆ.

ಅವತ್ತಿನಿಂದ ತಪ್ಪು ಯೋಗರಾಜನದು, ಬೈಗುಳ ನನಗೆ. ಮಗಳಿಗೆ ಬೈದು ಸೊಸೆಗೆ ತಾಗಿಸುತ್ತಾರಲ್ಲ, ಹಾಗೆ. "ಲೇ ಹುಲಿಯಾ, ಕತ್ತೆ, ಗಾಳಿ ಹೋಗೋಕೆ ತೂತು ಚುಚ್ಚೋಕೆ ನಿಮ್ಮಪ್ಪ ಬರ್ತಾನಾ?" ಅಂತ ಶೆಡ್ಡು ಅದುರುವ ಹಾಗೆ ಕೂಗುತ್ತಿದ್ದರು. ನನ್ನ ಅಚ್ಚಿನಲ್ಲಿ ತೂತುಗಳು ಸರಿಯಾಗಿಯೇ ಇರುತ್ತಿದ್ದವು. ಪಕ್ಕದಲ್ಲಿ ಯೋಗರಾಜ ತಲೆ ತಗ್ಗಿಸಿ, ಸದ್ದಿಲ್ಲದೆ ತನ್ನ ಅಚ್ಚಿಗೆ ತೂತು ಚುಚ್ಚಿಕೊಳ್ಳುತ್ತಿದ್ದ. ನಾನು "ತಪ್ಪಾಯ್ತು ಸಾರ್" ಅನ್ನುತ್ತಿದ್ದೆ. ಸಂಜೆ ನನಗೆ ಬೋಂಡ. ಮೊದಮೊದಲು ಒಳಗೊಳಗೇ ನಗು ಬರುತ್ತಿತ್ತು. ಬರಬರುತ್ತಾ ನಗುವೂ ನಿಂತಿತು, ಸಿಟ್ಟೂ ಹುಟ್ಟಲಿಲ್ಲ. ಫರ್ನೇಸಿಗೆ ಗಾಳಿ ಊದುವ ಬ್ಲೋವರಿನ ಸದ್ದಿನ ಹಾಗೆ ಅದೂ ಒಂದು ಸದ್ದು.

ತೊಂಬತ್ತೊಂಬತ್ತರ ಮಳೆಗಾಲದಲ್ಲಿ ಉಮಾಮಹೇಶ್ವರ ಅಂತ ಹೊಸ ಮ್ಯಾನೇಜರ್ ಬಂದರು. ಶೆಡ್ಡಿನ ಮೇಲ್ಗಡೆ ಗಾಜಿನ ಕ್ಯಾಬಿನ್ ಮಾಡಿಸಿಕೊಂಡು ದಿನವಿಡೀ ಅಲ್ಲಿಂದ ನಮ್ಮನ್ನು ನೋಡುತ್ತಿದ್ದರು. ದೀಪಾವಳಿಗೆ ಇಬ್ಬರು ಟೆಂಪರರಿಗಳಲ್ಲಿ ಒಬ್ಬನನ್ನು ಪರ್ಮನೆಂಟ್ ಮಾಡುತ್ತೇನೆ, ಇನ್ನೊಬ್ಬ ಬೇರೆ ಕಡೆ ಕೆಲಸ ನೋಡಿಕೊಳ್ಳಲಿ ಅಂದರು.

ಮನೆಯಲ್ಲಿ ಈ ವಿಷಯ ಹೇಳಿದ್ದೇ ತಡ, ಹೆಂಡತಿ ಚಿನ್ನಮ್ಮ ಮೊರ ಕೆಳಗಿಟ್ಟಳು. "ಗಾಜಿನೊಳಗೆ ಕೂತೋರಿಗೆ ಏನು ಕಾಣುತ್ತೆ ಹೇಳಿ? ದಿನಾ ಬೈಸ್ಕೊಳೋನು ಕಾಣ್ತಾನೆ. ನಿಮ್ಮ ಬೋಂಡಕ್ಕೆ ಬೆಂಕಿ ಬೀಳ. ಈ ನಾಟಕ ಸಾಕು ಅಂತ ಆ ನಿಮ್ಮ ಸಾರ್‌ಗೆ ಹೇಳಿ."

ನನಗೆ ನಿಜಕ್ಕೂ ಹೆದರಿಕೆಯಾಯಿತು. ಮಾರನೆಯ ದಿನ ಕ್ಯಾಂಟೀನಿನಲ್ಲಿ ಕೇಳಿಯೇಬಿಟ್ಟೆ.

"ಯೋಗರಾಜನಿಗೆ ನೇರ ಹೇಳಿದ್ರೆ ನಾಳೆಯಿಂದ ಬರಲ್ಲ, ನಿನಗೆ ಗೊತ್ತಲ್ಲ" ಅಂದರು ಜಂಬಣ್ಣನವರು. "ಸಾಹೇಬ್ರ ಹತ್ರ ನಾನು ಎಲ್ಲ ಬಿಡಿಸಿ ಹೇಳ್ತೀನಿ. ಅವರಿಗೆ ಹೊತ್ತು ನೋಡಿ ಹೇಳ್ಬೇಕು, ಅವಸರ ಮಾಡಿದ್ರೆ ಕೆಡುತ್ತೆ."

ಸಾಹೇಬರಿಗೂ ಒಂದು ಬಾಯಿ ತಯಾರಾಗುತ್ತಿದೆ ಅಂದುಕೊಂಡು ಸುಮ್ಮನಾದೆ. ಅವರ ವಿದ್ಯೆಯ ಮೇಲೆ ನನಗೆ ಅಷ್ಟು ನಂಬಿಕೆ.

ಅವರು ಹೊತ್ತು ನೋಡುತ್ತಿರುವಾಗಲೇ, ಮಳೆಗಾಲ ಮುಗಿಯುವ ಮೊದಲೇ ಅದು ನಡೆಯಿತು. ಚಾವಣಿಯ ಶೀಟಿನ ಸಂದಿಯಿಂದ ನೀರು ತೊಟ್ಟಿಕ್ಕಿ ನನ್ನ ಕೊನೆಯ ಅಚ್ಚಿನೊಳಗೆ ಇಳಿದಿತ್ತು. ನಾನು ನೋಡಿರಲಿಲ್ಲ. ಹಸಿ ಅಚ್ಚಿಗೆ ಕಾದ ಕಬ್ಬಿಣ ಬಿದ್ದರೆ ಸಿಡಿಯುತ್ತದೆ ಅನ್ನುವುದು ಫೌಂಡ್ರಿಯ ನಾಯಿಗೂ ಗೊತ್ತು. ಕಬ್ಬಿಣ ತುಂಬಿದ ಉದ್ದ ಹಿಡಿಯ ಸೌಟು, ಅದೇ ಲೇಡಲ್, ಹಿಡಿದು ಬಗ್ಗಿದೆ. ತೊಟ್ಟಿಕ್ಕುವುದು ಅಲ್ಲಿಂದ ಕಂಡಿತ್ತೋ ಏನೋ, ಶೆಡ್ಡಿನ ಆಚೆ ತುದಿಯಿಂದ ಜಂಬಣ್ಣನವರ ಕೂಗು ಬಂತು.

"ಲೇ ಹುಲಿಯಾ, ಕತ್ತೆ, ಅಚ್ಚು ಹಸಿ ಇದೆ, ಹುಯ್ಬೇಡ."

ಕೇಳಿಸಿತು. ಚೆನ್ನಾಗಿಯೇ ಕೇಳಿಸಿತು. ಯೋಗರಾಜ ಮತ್ತೆ ನೀರು ಜಾಸ್ತಿ ಮಾಡಿದ್ದಾನೆ ಅಂದುಕೊಂಡೆ. ಪಕ್ಕಕ್ಕೆ ನೋಡಿದರೆ ಅವನು ತನ್ನ ಲೇಡಲ್ ಕೆಳಗಿಟ್ಟು ಹಿಂದಕ್ಕೆ ಸರಿಯುತ್ತಿದ್ದ. ತಾಗಬೇಕಾದವನಿಗೆ ತಾಗಿತಲ್ಲ, ಸರಿ. "ತಪ್ಪಾಯ್ತು ಸಾರ್" ಅಂದು ನನ್ನ ಅಚ್ಚಿಗೆ ಹುಯ್ದೆ.

ಎಡಗಾಲು ಉಳಿಯಿತು, ಅದರ ಬೆರಳುಗಳು ಹೋದವು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಚಿನ್ನಮ್ಮ ಅತ್ತಳು, ನಾನು ಫ್ಯಾನು ನೋಡಿದೆ. ನೋವು ಇರಲಿಲ್ಲ ಅಂತಲ್ಲ. ಇತ್ತು, ಆದರೆ ಅದೂ ಬೇರೆ ಯಾರದೋ ಅನ್ನಿಸುತ್ತಿತ್ತು.

ದೀಪಾವಳಿಗೆ ಮುಂಚೆ ಸಾಹೇಬರು ನಮ್ಮನ್ನೆಲ್ಲ ಕ್ಯಾಬಿನ್ನಿಗೆ ಕರೆಸಿದರು. ಕೋಲು ಊರಿಕೊಂಡು ಮೆಟ್ಟಿಲು ಹತ್ತಿದೆ. ಜಂಬಣ್ಣನವರು, ಯೋಗರಾಜ, ಇಬ್ಬರೂ ಮೊದಲೇ ಬಂದು ನಿಂತಿದ್ದರು. ಸಾಹೇಬರು ಕೆಟ್ಟವರಲ್ಲ, ನನಗೆ ಕುರ್ಚಿ ಕೊಟ್ಟರು.

"ಜಂಬಣ್ಣ ಕೂಗಿದ್ದು ಇಲ್ಲಿವರೆಗೂ ಕೇಳಿಸ್ತು. ನೀವ್ಯಾಕೆ ನಿಲ್ಲಿಸ್ಲಿಲ್ಲ ಹುಲಿಯಪ್ಪ?"

ನುಂಗಿಕೊಂಡು ಕೂರಲು ನಾನೇನು ಸನ್ಯಾಸಿಯಲ್ಲ. ಹೇಳಿಬಿಟ್ಟೆ.

"ಅದು ನನಗೇ ಹೇಳಿದ್ದು ಅಂತ ಅನ್ನಿಸ್ಲಿಲ್ಲ ಸಾರ್. ಅವರು ಬೈಯೋದು ನನ್ನನ್ನ, ತಪ್ಪು ಪಕ್ಕದೋನದು. ಪಕ್ಕದೋನಿಗೆ ನೇರ ಹೇಳಿದ್ರೆ ಕೆಲಸ ಬಿಟ್ಟು ಹೋಗ್ತಾನೆ ಅಂತ. ಮೊದಲಿಂದ ಹಂಗೇ ನಡ್ಕೊಂಡು ಬಂದಿದೆ. ಬೇಕಾದ್ರೆ ಅವರನ್ನೇ ಕೇಳಿ."

ಸಾಹೇಬರು ಅವರ ಕಡೆ ತಿರುಗಿದರು. "ಹೌದೇನ್ರೀ ಜಂಬಣ್ಣ?"

ಜಂಬಣ್ಣನವರು ಸಾಹೇಬರ ಮುಖ ನೋಡಿದರು, ಯೋಗರಾಜನ ಮುಖ ನೋಡಿದರು, ಕೊನೆಗೆ ನನ್ನ ಮುಖ ನೋಡಿದರು. ಒಬ್ಬೊಬ್ಬರೇ ಸಿಕ್ಕಿದ್ದರೆ ಮೂವರಿಗೂ ಬೇಕಾದ ಮಾತು ಅವರ ಹತ್ತಿರ ಇತ್ತು. ಮೂವರೂ ಒಂದೇ ಕೋಣೆಯಲ್ಲಿ ಇದ್ದಾಗ ಆಡುವ ಮಾತು ಇರಲಿಲ್ಲ. ಬಾಯಿ ತೆರೆದರು, ಮುಚ್ಚಿದರು, ಕರ್ಚೀಫಿನಿಂದ ಕತ್ತು ಒರೆಸಿಕೊಂಡರು. 

"ಸರಿ ಹಾಗಾದ್ರೆ" ಅಂದರು ಸಾಹೇಬರು. ಪರ್ಮನೆಂಟ್ ಯೋಗರಾಜನಿಗೆ ಆಯಿತು. ನನ್ನ ಆಸ್ಪತ್ರೆ ಖರ್ಚು ಕಂಪನಿಯೇ ಕೊಡುತ್ತದೆ ಅಂದರು.

ನನಗೆ ಅಳು ಬರಬೇಕಿತ್ತು, ಇಲ್ಲವೇ ಕೈಯಲ್ಲಿದ್ದ ಕೋಲು ಬೀಸಬೇಕಿತ್ತು. ಒಳಗೆಲ್ಲ ತಡಕಾಡಿದೆ, ಏನೂ ಸಿಗಲಿಲ್ಲ. ಕೈಮುಗಿದು ಎದ್ದೆ.

ಮೆಟ್ಟಿಲು ಇಳಿಯುವಾಗ ಯೋಗರಾಜ ಬಂದು ನನ್ನ ರಟ್ಟೆ ಹಿಡಿದುಕೊಂಡ.  ಕೊನೆಯ ಮೆಟ್ಟಿಲು ದಾಟಿದ ಮೇಲೆ ನೆಲ ನೋಡಿಕೊಂಡು ಹೇಳಿದ, "ನನಗೆ ಗೊತ್ತಿತ್ತು ಹುಲಿಯಣ್ಣ. ಅವರು ನಿನ್ನ ಬೈತಿದ್ದಿದ್ದು ನನ್ನ ತಪ್ಪಿಗೆ ಅಂತ. ಶುರುವಿಂದ್ಲೂ ಗೊತ್ತಿತ್ತು."

"ಮತ್ತೆ ಒಳಗೆ ಯಾಕೋ ಬಾಯಿ ಬಿಡ್ಲಿಲ್ಲ?"

"ನನ್ನನ್ನ ಯಾರೂ ಕೇಳ್ಲಿಲ್ಲವಲ್ಲ" ಅಂದ. "ಇಷ್ಟು ವರ್ಷದಲ್ಲಿ ನನ್ನನ್ನ ಯಾರಾದ್ರೂ ಒಂದು ಮಾತು ನೇರ ಕೇಳಿದ್ದಾರಾ?"

ಕಪಟದಿಂದ ಆಡಿದ ಮಾತಲ್ಲ. ಅವನಿಗೂ ಅದು ಒಂದು ಸಂಕಟವೇ ಇರಬೇಕು. ಈಗಲಾದರೂ ಯಾರಾದರೂ ಅವನಿಗೆ ಮುಖಕ್ಕೆ ಮುಖ ಕೊಟ್ಟು ಬೈಯಬೇಕಾಗಿತ್ತು, ಆ ಹಕ್ಕು ನನ್ನಷ್ಟು ಬೇರೆ ಯಾರಿಗೂ ಇರಲಿಲ್ಲ. ನನ್ನ ರಟ್ಟೆಯ ಮೇಲೆ ಅವನ ಕೈ ನಡುಗುತ್ತಿತ್ತು.

"ಇರಲಿ ಬಿಡು ಮಾರಾಯ" ಅಂದೆ. "ಬಸ್ಸು ಬಂತಾ ನೋಡು."