ನೀರೊಳಗಿನ ಬ್ಯಾಟರಿ

ಗಜೇಂದ್ರಗಡದ ಬಸ್ ನಿಲ್ದಾಣದ ಹಿಂದೆ ಶ್ರೀಧರ ಮಾಸ್ತರರ ಕಂಪ್ಯೂಟರ್ ಕ್ಲಾಸು. ಪರೀಕ್ಷೆ ಮುಗಿದ ಮೇಲೆ ಅವರೊಂದು ಆಟ ಹಾಕಿಕೊಟ್ಟಿದ್ದರು. ಶತ್ರು ವಿಮಾನಗಳ ಕಣ್ಣು ತಪ್ಪಿಸಿ ಜಲಾಂತರ್ಗಾಮಿ ನೌಕೆಯನ್ನು ಬಂದರು ಮುಟ್ಟಿಸಬೇಕು. ಗೆದ್ದವರ ಹೆಸರು ಪರದೆಯ ಮೇಲೆ ಕಾಯಂ. ಮೂರು ದಿನವಾದರೂ ಪಟ್ಟಿ ಖಾಲಿ.

ಆ ಪಟ್ಟಿಯ ಮೇಲೆ ಫರ್ಜಾನಾ ಕಣ್ಣಿಟ್ಟಿದ್ದಳು. ಅವಳ ಅಪ್ಪ ಖಾದರನದು ಟ್ರ್ಯಾಕ್ಟರ್ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ. ದಿನಾ ಬೆಳಿಗ್ಗೆ ಅಲ್ಲಿ ಎರಡು ತಾಸು ದುಡಿದೇ ಕ್ಲಾಸಿಗೆ ಬರುತ್ತಿದ್ದಳು. ಆಸಿಡ್ ಸಿಡಿದು ಓಢಣಿ ತೂತಾಗಿದ್ದನ್ನು ಕಂಡು ಜೊತೆಯ ನಮ್ರತಾ ಮೊದಲ ದಿನವೇ ‘ಬ್ಯಾಟರಿ’ ಎಂದು ಹೆಸರಿಟ್ಟಿದ್ದಳು. ಆರು ತಿಂಗಳು ಇಡೀ ಕ್ಲಾಸೇ ಹಾಗೆ ಕರೆಯಿತು. ಹುಡುಗಿ ನುಂಗಿಕೊಂಡಳು. ಕೋರ್ಸು ಮುಗಿಯುವುದರೊಳಗೆ ತನ್ನ ಸ್ವಂತ ಹೆಸರನ್ನು ಇವರೆಲ್ಲ ಓದಬೇಕು, ಅಷ್ಟೇ ಅವಳ ಹಟ.

ಆ ದಿನ ನಮ್ರತಾ ಮೊದಲು ಕೂತಳು. ವಿಮಾನ ಕಂಡದ್ದೇ ಮುಳುಗಿ, ಪೂರ್ತಿ ವೇಗದಲ್ಲಿ ಓಟ ಕಿತ್ತಳು. ನೀರೊಳಗೆ ನೌಕೆ ಓಡುವುದು ಬ್ಯಾಟರಿಯ ಮೇಲೆ. ಚಾರ್ಜ್ ಆಗಬೇಕಾದರೆ ಮೇಲೆ ಬರಬೇಕು. ಬ್ಯಾಟರಿ ಬೇಗನೆ ಬರಿದಾಯಿತು. ಮೇಲೆದ್ದರೆ ವಿಮಾನ ಅಲ್ಲೇ ಸುತ್ತುತ್ತಿತ್ತು, ಆಟ ಮುಗಿಯಿತು. ಮೂರು ದಿನದಿಂದ ಎಲ್ಲರೂ ಸಾಯುತ್ತಿದ್ದದ್ದು ಹೀಗೆಯೇ.

ಕೊನೆಗೆ ಫರ್ಜಾನಾಳ ಪಾಳಿ. ವಿಮಾನ ಬಂತು. ಮುಳುಗಿದವಳೇ ವೇಗವನ್ನು ತೀರಾ ಕಡಿಮೆ ಮಾಡಿಬಿಟ್ಟಳು. ಹಿಂದೆ ನಿಂತವರು ಕಿಸಕ್ಕನೆ ನಕ್ಕರು. ಮಾಸ್ತರರಿಗೂ ಹೇಳದೆ ಇರಲಾಗಲಿಲ್ಲ.

“ಓಡ್ಸವಾ, ತಲಿ ಮ್ಯಾಲೇ ಐತಿ.”

“ತಡೀರಿ ಸರ. ಒಮ್ಮಿಗೇ ಎಳದ್ರ ಬ್ಯಾಟರಿ ಲಗೂ ಸಾಯ್ತೈತಿ. ಸಾವಕಾಶ ಎಳದ್ರ ಭಾಳ ಹೊತ್ತು ಬರ್ತೈತಿ.”

ಅಂಗಡಿಗೆ ಬರುವ ರಾಜೂರಿನ ರೈತರಿಗೆ ಅಪ್ಪ ದಿನಾ ಬೈದು ಹೇಳುತ್ತಿದ್ದ ಮಾತದು. ಅವಳು ಓಡಿಹೋಗಿರಬಹುದೆಂದು ವಿಮಾನ ಮುಂದೆಲ್ಲೋ ಬಾಂಬು ಸುರಿಯಿತು. ಪರದೆ ನಡುಗಿತು, ಅವಳು ವೇಗ ಏರಿಸಲಿಲ್ಲ. ಸುತ್ತಿ ಸುತ್ತಿ ಇಂಧನ ತೀರಿ ವಿಮಾನ ಮರಳಿದಾಗ ಬ್ಯಾಟರಿ ಇನ್ನೂ ಅರ್ಧಕ್ಕಿಂತ ಹೆಚ್ಚಿತ್ತು. ಮೇಲೆ ಬಂದು ಚಾರ್ಜ್ ಮಾಡಿಕೊಂಡಳು. ಎರಡನೆಯ ವಿಮಾನಕ್ಕೂ ಅದೇ ಉಪಾಯ. ಬಂದರು ಬಂತು.

ಕ್ಲಾಸೆಲ್ಲ ಚಪ್ಪಾಳೆ ಹೊಡೆಯಿತು. ಕಪ್ತಾನರ ಹೆಸರೇನೆಂದು ಪರದೆ ಕೇಳಿತು.

“ಬರಿ, ಫರ್ಜಾನಾ,” ಎಂದಳು ನಮ್ರತಾ. ಅವಳ ಬಾಯಲ್ಲಿ ಆ ಹೆಸರು ಬಂದದ್ದು ಅದೇ ಮೊದಲು.

ಫರ್ಜಾನಾಳ ಹಟ ಗೆದ್ದಾಗಿತ್ತು. ಆಸಿಡ್ಡಿಗೆ ಸುಟ್ಟ ತನ್ನ ಬೆರಳುಗಳನ್ನೊಮ್ಮೆ ನೋಡಿಕೊಂಡಳು. ಆಮೇಲೆ ಒಂದೊಂದೇ ಅಕ್ಷರ ಒತ್ತಿದಳು: ಬ್ಯಾಟರಿ ಖಾದರನ ಮಗಳು.

“ನಿನ್ನ ಹೆಸರ?” ಎಂದರು ಮಾಸ್ತರರು.

“ಇದೂ ನಂದೇ ರಿ,” ಎಂದು ತೂತಿನ ಓಢಣಿಯನ್ನು ಹೆಗಲ ಮೇಲೆ ಸರಿಯಾಗಿ ಹರವಿಕೊಂಡು, ಅಂಗಡಿಯ ಕಡೆ ನಡೆದಳು.