ಚೆನ್ನಾಗಿ ಅರಳುವ ಗುಂಡು

ನನ್ನ ಪಾಯಸದ ಪಾತ್ರೆಯಲ್ಲಿ ಇಬ್ಬರು ಗಂಡಸರು ಮನುಷ್ಯನ ಮಾಂಸ ಕಾಯಿಸುತ್ತ ನಿಂತಿದ್ದನ್ನು ನೋಡಿದ ದಿನ ನನಗೆ ಮೊದಲ ಸಲ ಹೇಸಿಗೆಯಾಯಿತು.

ನಿಜವಾದ ಮಾಂಸವಲ್ಲ, ಬಿಡಿ. ಪಿಸ್ತೂಲಿನ ಗುಂಡು ಮೈಯೊಳಗೆ ಎಷ್ಟು ಆಳ ಇಳಿಯುತ್ತದೆ ಎಂದು ತಿಳಿಯಲು ಜೆಲಾಟಿನ್ ಗಟ್ಟಿಗೆ ಹೊಡೆದು ನೋಡುತ್ತಾರಂತೆ. ಜೆಲಾಟಿನ್ ಬರುವುದು ಹಂದಿಯ ಚರ್ಮದಿಂದ, ದನದ ಮೂಳೆಯಿಂದ. ನನ್ನ ಗಂಡ ಚಂದ್ರಕಾಂತರು ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವರು. ಅವರ ಗೆಳೆಯ, ಪಕ್ಕದ ಅರೋರಾ ಊರಿನ ಚನ್ನವೀರಪ್ಪನವರು ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ಕಾಲೇಜಿನಲ್ಲಿ ಲೋಹಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. "ಅಂಥಾ ಹೊಲಸು ಅಡಿಗಿಮನಿಯೊಳಗ ಬ್ಯಾಡ್ರೀ" ಎಂದು ಅವರೇ ದಾರಿ ಹುಡುಕಿದರು. ಜೆಲಾಟಿನ್ ಬದಲು ಚೈನಾ ಗ್ರಾಸ್. ಸಮುದ್ರದ ಪಾಚಿಯಿಂದ ಮಾಡಿದ್ದು, ಶುದ್ಧ ಸಸ್ಯಾಹಾರ. ನಮ್ಮ ಕನ್ನಡ ಕೂಟದ ಊಟಗಳಲ್ಲಿ ಹಾಲು ಏಲಕ್ಕಿ ಹಾಕಿ ಹಲ್ವದ ಹಾಗೆ ಕತ್ತರಿಸಿ ಹಂಚುತ್ತೇವಲ್ಲ, ಅದೇ.

"ವೈನಿ, ನಾಲ್ಕು ಪ್ಯಾಕೀಟ್ ಸಾಲ್ತಾವೇನ್ರಿ?" ಎಂದು ಚನ್ನವೀರಪ್ಪನವರು ಕೇಳಿದರು.

"ಯಾರ ಎದೆ ಮಾಡ್ತಿದ್ದೀರಿ, ಅದರ ಮೇಲೆ" ಎಂದೆ. ಇಬ್ಬರೂ ನಕ್ಕರು. ನಾನು ತಮಾಷೆಗೆ ಹೇಳಿದ್ದೆ ಅಂದುಕೊಂಡರು.

ಇದೆಲ್ಲ ಶುರುವಾದದ್ದು ನಮ್ಮ ಬೀದಿಯ ಮೂಲೆ ಮನೆಗೆ ಕಳ್ಳರು ನುಗ್ಗಿದ ಮೇಲೆ. ನಮ್ಮೂರು ಕ್ಲೈನ್‌ಬರ್ಗಿನ ಈ ಕಡೆ ಎಲ್ಲರ ಮನೆಯೂ ಅರಮನೆ, ಎಲ್ಲರ ಡ್ರೈವ್‌ವೇಯಲ್ಲೂ ಎರಡು ದೊಡ್ಡ ಕಾರು. ಕಳ್ಳರಿಗೆ ಬೇಕಾದದ್ದು ಕಾರಿನ ಕೀಲಿ. ಬಾಗಿಲು ಒಡೆದರು, ಕೀಲಿ ಇಸಿದುಕೊಂಡರು, ಹೋದರು. ಯಾರಿಗೂ ಗಾಯವಾಗಲಿಲ್ಲ. ಆದರೆ ಇವರ ನಿದ್ದೆ ಹಾರಿಹೋಯಿತು. ಸರ್ಕಾರ ಕೈಬಂದೂಕಿನ ಮಾರಾಟವನ್ನೇ ನಿಲ್ಲಿಸುವ ಮುಂಚೆ, ಶೂಟಿಂಗ್ ಕ್ಲಬ್ಬಿನ ಹವ್ಯಾಸಕ್ಕೆಂದು ಇವರೂ ಚನ್ನವೀರಪ್ಪನವರೂ ಒಂದೇ ಥರದ ಚಿಕ್ಕ ಪಿಸ್ತೂಲು ಕೊಂಡಿದ್ದರು. ಈ ದೇಶದಲ್ಲಿ ಅದನ್ನು ಗುಂಡು ತೆಗೆದು, ಬೀಗ ಹಾಕಿ ಇಡಬೇಕು. ಕ್ಲಬ್ಬಿಗೆ ಒಯ್ಯಬಹುದು, ವಾಪಸು ತರಬಹುದು, ಅಷ್ಟೇ. ಜೇಬಿನಲ್ಲಿಟ್ಟುಕೊಂಡು ಓಡಾಡಿದರೆ ಜೈಲು. ಇದು ಇಬ್ಬರಿಗೂ ಬಾಯಿಪಾಠ.

ಆದರೂ ಬೇಸ್‌ಮೆಂಟಿನಲ್ಲಿ ಶನಿವಾರದ ಇಸ್ಪೀಟು ನಿಂತಿತು, ಗುಂಡಿನ ವಿಚಾರ ಶುರುವಾಯಿತು. ಯಾವ ಗುಂಡು ನಂಬಿಕಸ್ಥ? ಚಿಕ್ಕ ಪಿಸ್ತೂಲಿನ ನಳಿಗೆ ಗಿಡ್ಡ, ಗುಂಡಿಗೆ ವೇಗ ಸಾಲದು. ವೇಗ ಸಾಲದಿದ್ದರೆ ಮೈಯೊಳಗೆ ಹೊಕ್ಕಾಗ ಅದರ ತೂತಿನ ತುದಿ ಹೂವಿನ ಹಾಗೆ ಅರಳುವುದಿಲ್ಲ. ತುದಿ ತೀರ ಅಗಲವಾದರೆ ಪಿಸ್ತೂಲಿನ ನಳಿಗೆಯೊಳಗೆ ಸರಾಗವಾಗಿ ಏರದೆ ಸಿಕ್ಕಿಕೊಳ್ಳುತ್ತದೆ. ಇವರು ಬ್ರೇಕ್ ತಯಾರಿಸುವ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುತ್ತಿದ್ದವರು. ಬ್ರೇಕಿಗೆ ಪಟ್ಟ ಶ್ರದ್ಧೆಯನ್ನೆಲ್ಲ ಗುಂಡಿಗೆ ಪಟ್ಟರು. ಒಂದೊಂದು ಬಗೆಯನ್ನೂ ತೂಗಿದರು, ಅಳೆದರು, ಕ್ಲಬ್ಬಿಗೆ ಒಯ್ದು ಹಾರಿಸಿದರು.

"ಚಳಿಗಾಲದಾಗ ಕಳ್ಳ ದಪ್ಪ ಜಾಕೀಟ ಹಾಕ್ಕೊಂಡಿರ್ತಾನ್ರಿ," ಎಂದು ಚನ್ನವೀರಪ್ಪನವರು ಹೊಸ ಚಿಂತೆ ತಂದರು. "ಒಳಗಿನ ಪುಕ್ಕ ತುದೀ ತೂತಿನಾಗ ಮೆತ್ತಿಕೊಂಡ್ರ ಗುಂಡು ಅರಳೂದೇ ಇಲ್ಲ."

ಹಾಗಾಗಿ ಚೈನಾ ಗ್ರಾಸಿನ ಗಟ್ಟಿಗೆ ಒಂದು ಜಾಕೆಟ್ಟು ಸುತ್ತಿ ಕ್ಲಬ್ಬಿಗೆ ಒಯ್ದರು. ಸಂಜೆ ಅದನ್ನು ಲಾಂಡ್ರಿ ರೂಮಿನಲ್ಲಿ ಎಸೆದಿದ್ದರು. ಎತ್ತಿ ನೋಡಿದೆ. ಮೊಮ್ಮಗಳು ಈಶಾ ಹೈಸ್ಕೂಲಿನಲ್ಲಿ ಹಾಕುತ್ತಿದ್ದ ನೀಲಿ ಜಾಕೆಟ್ಟು. ಎಡಗಡೆ ಎದೆಯ ಮೇಲೆ ತೂತು, ಬಿಳಿ ಪುಕ್ಕ ಹೊರಗೆ ಇಣುಕುತ್ತಿತ್ತು. ಮೇಲಿನಿಂದ ಇಬ್ಬರ ಸಂಭ್ರಮ ಕೇಳುತ್ತಿತ್ತು.

ಹೋಗಿ ನೋಡಿದರೆ ಚಕ್ಕುಲಿ ತಟ್ಟೆಯ ಪಕ್ಕದಲ್ಲಿ ಗುಂಡನ್ನಿಟ್ಟುಕೊಂಡು ಕೂತಿದ್ದಾರೆ. ತುದಿ ಆರು ಎಸಳಾಗಿ ಬಿಚ್ಚಿಕೊಂಡಿತ್ತು.

"ಎಷ್ಟು ಚೆನ್ನಾಗಿ ಅರಳಿದೆ ನೋಡು ವಸು!" ಎಂದರು ಇವರು. "ಇದೇ ಫೈನಲ್."

ಅರಳಿದೆಯಂತೆ. ನಾನು ವಸುಧಾ, ಈ ಊರಿನ ಆಸ್ಪತ್ರೆಯಲ್ಲಿ ಸರ್ಜನ್ ಆಗಿ ವಯಸ್ಸು ಕಳೆದವಳು. ಹೀಗೆ ಅರಳಿದ್ದನ್ನು ಹುಡುಗರ ಹೊಟ್ಟೆಯಿಂದ ತೆಗೆದಿದ್ದೇನೆ. ಆ ಎಸಳುಗಳು ಬ್ಲೇಡಿನಷ್ಟು ಹರಿತ. ಕೈಗವಸು ಹರಿಯುತ್ತವೆ ಎಂದು ಒಳಗೆ ಬೆರಳು ಹಾಕಲು ಹೆದರುತ್ತಿದ್ದೆವು. ಕರುಳು ಯಾವುದು, ರಕ್ತನಾಳ ಯಾವುದು ಗೊತ್ತಾಗುತ್ತಿರಲಿಲ್ಲ. ಹೊರಗೆ ಬಂದು ತಾಯಂದಿರಿಗೆ ಹೇಳಬೇಕಾದವಳು ನಾನು. ಇವರಿಬ್ಬರೂ ಅದನ್ನು ಚಕ್ಕುಲಿಯ ಜೊತೆ ಕೈಯಿಂದ ಕೈಗೆ ದಾಟಿಸುತ್ತಿದ್ದರು.

"ಥೂ! ಅದು ನನ್ನ ಮೊಮ್ಮಗಳ ಜಾಕೆಟ್ಟು ಕಣ್ರೀ" ಎಂದೆ.

"ಹಳೇದಲ್ವಾ? ಅವಳಿಗೆ ಹೋದ್ ವರ್ಷ ಹೊಸದು ಕೊಡ್ಸಿದ್ದೀನಲ್ಲ."

ಪಾಯಸದ ಪಾತ್ರೆಯನ್ನು ಆವತ್ತೇ ಕಸಕ್ಕೆ ಹಾಕಿದೆ. ಆಮೇಲೆ ಸ್ಪಷ್ಟವಾಗಿ ಹೇಳಿದೆ: "ಅಕ್ಟೋಬರಲ್ಲಿ ಥ್ಯಾಂಕ್ಸ್‌ಗಿವಿಂಗ್ ರಜಕ್ಕೆ ಈಶಾ ಬರ್ತಾಳೆ. ಅವಳು ಬರೋ ಮುಂಚೆ ಆ ಪಿಸ್ತೂಲು ಈ ಮನೆಯಿಂದ ಹೋಗ್ಬೇಕು. ಇಲ್ದಿದ್ರೆ ಅವಳನ್ನ ಬರಬೇಡ ಅಂತೀನಿ."

ಇವರು ತಲೆಯಾಡಿಸಿದರು. ಆಯಿತು ಅಂದರು. ಹೇಳಿದ ಮಾತು ಯಾವತ್ತೂ ತಪ್ಪದ ಮನುಷ್ಯ, ನಾನು ನಂಬಿದೆ.

ಅದಕ್ಕೂ ಮೊದಲು ಆಯುಧಪೂಜೆ ಬಂತು. ಕಾರಿಗೆ, ಹಿಮ ತಳ್ಳುವ ಯಂತ್ರಕ್ಕೆ, ನನ್ನ ಹಳೆಯ ಸ್ಟೆತಾಸ್ಕೋಪಿಗೆ ಕುಂಕುಮವಿಟ್ಟು ಕೂತಿದ್ದೆ. ಇವರು ಬೆಳ್ಳಿ ತಟ್ಟೆಯಲ್ಲಿ ಪಿಸ್ತೂಲನ್ನೂ ಆರಿಸಿದ ಗುಂಡುಗಳನ್ನೂ ತಂದು ದೇವರ ಮುಂದಿಟ್ಟರು.

"ಇವತ್ತು ಒಂದಿನ. ಅಸಲಿಗೆ ಆಯುಧ ಅಂದ್ರೆ ಇದೇ ತಾನೇ? ನಿನ್ನ ಕೈಯಿಂದಲೇ ಕುಂಕುಮ ಇಡು."

"ನನ್ನ ಕೈ ತಾಗಲ್ಲ" ಎಂದೆ.

ಇವರೇ ಇಟ್ಟರು. ಹೆಂಗಸರು ಬೆರಳ ತುದಿಯಲ್ಲಿ ಇಡುವುದು ಇವರಿಗೆ ಬಾರದು. ಗಂಧ ತೇಯ್ದು, ಕುಂಕುಮ ಅರಿಶಿನ ಕಲಸಿ, ಗೋಡೆಗೆ ಗಾರೆ ಮೆತ್ತುವ ಹಾಗೆ ಮೆತ್ತಿದರು. ಪಿಸ್ತೂಲಿನ ಬೆನ್ನಿನ ಸಂದಿಗಳಿಂದ ಗಂಧದ ನೀರು ಇಳಿದು ಒಳಗೆ ಹೋಯಿತು. ಪ್ರತಿ ವಾರ ಅದನ್ನು ಬಿಚ್ಚಿ, ಬ್ರಷ್ಷು ಹಾಕಿ, ಎಣ್ಣೆ ಒರೆಸುತ್ತಿದ್ದ ಮನುಷ್ಯ ಪೂಜೆಯಾದ ಮೇಲೆ ಮುಟ್ಟಲಿಲ್ಲ. ಪೂಜೆ ಮಾಡಿದ ಕುಂಕುಮವನ್ನು ಯಾರು ಒರೆಸುತ್ತಾರೆ? ಕಾರಿನ ಮೇಲಿನದನ್ನೂ ಮಳೆಯೇ ತೊಳೆಯಬೇಕು.

ಥ್ಯಾಂಕ್ಸ್‌ಗಿವಿಂಗ್ ರಜೆ ಶುರುವಾಗುವ ಹಿಂದಿನ ದಿನ, ಶುಕ್ರವಾರ, ಕೇಳಿದೆ. "ಚನ್ನವೀರಪ್ಪನ ಮನೆಗೆ ಕೊಟ್ಟುಬಂದೆ" ಎಂದರು. ನೆಮ್ಮದಿಯಾಗಿ ಈಶಾಗೆ ಫೋನ್ ಮಾಡಿ ಬಾ ಎಂದೆ. ಅವಳು ಕಿಂಗ್‌ಸ್ಟನ್ನಿನಲ್ಲಿ ಓದುತ್ತಾಳೆ, ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುವವಳಿದ್ದಳು.

ಶನಿವಾರ ಬೆಳಗಿನ ಜಾವ, ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ, ಗ್ಯಾರೇಜಿನ ಬಾಗಿಲು ಗುರುಗುಟ್ಟುತ್ತ ಎದ್ದಿತು. ನಾನು ಕಣ್ಣುಬಿಡುವಷ್ಟರಲ್ಲಿ ಇವರು ಮೆಟ್ಟಿಲಿಳಿಯುತ್ತಿದ್ದರು. ಗೌನಿನ ಬಲ ಜೇಬು ಭಾರಕ್ಕೆ ಜೋತಿತ್ತು. ಏನೆಂದು ಹೊಳೆದ ಕೂಡಲೇ ಹಿಂದೆ ಓಡಿದೆ.

ಗ್ಯಾರೇಜಿನಿಂದ ಒಳಗೆ ಬರುವ ಬಾಗಿಲ ಹತ್ತಿರ ಕತ್ತಲಲ್ಲಿ ಒಬ್ಬರು ನಿಂತಿದ್ದರು. ದಪ್ಪ ಜಾಕೆಟ್ಟು, ತಲೆಯ ಮೇಲೆ ಟೋಪಿ ಎಳೆದಿತ್ತು, ಮುಖ ಕಾಣಿಸದು. ಇವರು ಎರಡೂ ಕೈಯಲ್ಲಿ ಪಿಸ್ತೂಲು ಹಿಡಿದು ನಿಂತರು. ಆ ವ್ಯಕ್ತಿ ಬಾಗಿತು. ಬಾಗಿ ಒಂದು ಶೂ ಕಳಚಿ, ಗೋಡೆಗೆ ಒತ್ತಿ ಇಟ್ಟಿತು. ಇನ್ನೊಂದಕ್ಕೆ ಕೈಹಾಕಿತು.

ಯಾವ ಕಳ್ಳ ಶೂ ಬಿಚ್ಚಿಟ್ಟು ಒಳಗೆ ಬರುತ್ತಾನೆ?

"ಈಶಾ!" ಎಂದು ಕಿರುಚಿದೆ. ಅದರೊಳಗೆ ಇವರ ಬೆರಳು ಎಳೆದಾಗಿತ್ತು.

ಟಿಕ್ ಎಂದಿತು, ಅಷ್ಟೇ.

ಲೈಟು ಹಾಕಿದೆ. ಒಂದು ಕಾಲಲ್ಲಿ ಶೂ, ಇನ್ನೊಂದರಲ್ಲಿ ಕಾಲುಚೀಲ, ಈಶಾ ಬಾಯಿ ತೆರೆದು ನಿಂತಿದ್ದಳು. "ಫ್ರೆಂಡ್ ರೈಡ್ ಕೊಟ್ಲು... ಗ್ಯಾರೇಜ್ ಕೋಡ್ ಗೊತ್ತಿತ್ತಲ್ಲ... ಐ ವಾಂಟೆಡ್ ಟು ಸರ್‌ಪ್ರೈಸ್ ಯೂ, ತಾತಾ" ಎಂದಳು. ಅವಳ ಕಣ್ಣು ಆ ನಳಿಗೆಯ ಮೇಲೇ ಇತ್ತು. ಓಡಿಹೋಗಿ ಅವಳನ್ನು ತಬ್ಬಿಕೊಂಡೆ.

ಇವರು ಅಳುತ್ತಾರೆ, ಕುಸಿಯುತ್ತಾರೆ, ಆ ಮಗುವಿನ ಕಾಲು ಹಿಡಿಯುತ್ತಾರೆ ಅಂದುಕೊಂಡೆ. ಇವರು ಪಿಸ್ತೂಲಿನ ಹಿಂಭಾಗ ಎಳೆದರು. ಗುಂಡು ನೆಲಕ್ಕೆ ಬಿದ್ದು ಈಶಾಳ ಕಾಲಿನ ತನಕ ಉರುಳಿತು. ಬಗ್ಗಿ ಎತ್ತಿಕೊಂಡು, ಗೌನಿನ ಇನ್ನೊಂದು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಲೈಟಿಗೆ ಹಿಡಿದು ಅದರ ಹಿಂಭಾಗ ನೋಡಿದರು.

"ಏಟು ಬಿದ್ದಿದೆ, ಹೊತ್ತಿಲ್ಲ," ಎಂದರು. "ಈ ಬ್ಯಾಚೇ ಸರಿಯಿಲ್ಲ. ಬೇರೆ ಬ್ರ್ಯಾಂಡ್ ನೋಡ್ಬೇಕು."

ಈ ಮನುಷ್ಯನ ಜೊತೆ ಒಂದೇ ಹಾಸಿಗೆಯಲ್ಲಿ ಇಷ್ಟು ವರ್ಷ ಮಲಗಿದ್ದೇನೆ ಎನ್ನುವುದೇ ನನಗೆ ಅಸಹ್ಯವಾಯಿತು.

"ಅಜ್ಜಿ, ವಾಸ್ ಇಟ್ ಲೋಡೆಡ್?" ಎಂದು ಈಶಾ ಪಿಸುಗುಟ್ಟಿದಳು.

"ಹೌದು ಕಂದಾ" ಎಂದು ಹೇಳಿ ಫೋನ್ ಎತ್ತಿಕೊಂಡೆ.

ಪೊಲೀಸರ ನಂಬರು ಒತ್ತಿದ್ದು ನೋಡಿದ ಮೇಲೆ ಇವರ ಮುಖದಲ್ಲಿ ಭಯ ಬಂತು. "ವಸು, ತಲೆ ಕೆಟ್ಟಿದ್ಯಾ? ಏನೂ ಆಗಿಲ್ವಲ್ಲ! ಅರೆಸ್ಟ್ ಮಾಡ್ತಾರೆ. ಕೂಟದಲ್ಲಿ ಮುಖ ತೋರಿಸೋದು ಹೇಗೆ?"

ನಾನು ವಿಳಾಸ ಹೇಳಿದೆ.

ಪೊಲೀಸರು ಬಂದು ಇವರನ್ನು ತಮ್ಮ ಕಾರಿನಲ್ಲಿ ಕೂರಿಸಿದ ಮೇಲೆ ಒಬ್ಬ ಎಳೆಯ ಅಧಿಕಾರಿ ಅಡಿಗೆಮನೆಯ ಟೇಬಲ್ಲಿನ ಮೇಲೆ ಪಿಸ್ತೂಲು ಬಿಚ್ಚಿದ. ಒಳಗಿಂದ ಒಣಗಿದ ಕೆಂಪು ಹಕ್ಕಳೆ ಉದುರಿತು. ರಕ್ತವೋ ಎಂದು ಗಾಬರಿಯಾಗಿ ನನ್ನನ್ನು ನೋಡಿದ. ಪೂಜೆ ಮಾಡಿದ್ದು ಎಂದು ವಿವರಿಸಿದೆ. ಅವನು ಒಂದು ಕಡ್ಡಿಯಿಂದ ಕೆರೆದು ತೋರಿಸಿದ. ಗುಂಡಿನ ಬೆನ್ನಿಗೆ ಬಡಿಯಬೇಕಾದ ಮೊಳೆ ಗಂಧದ ಗಾರೆಯಲ್ಲಿ ಸಿಕ್ಕಿಕೊಂಡು ಅರ್ಧ ಬಲದಲ್ಲಿ ಬಡಿದಿತ್ತು. ಗುಂಡಿನಲ್ಲಿ ಯಾವ ದೋಷವೂ ಇಲ್ಲ, ಒಳ್ಳೆಯ ಗುಂಡೇ ಎಂದ. ಏನಾದರೂ ಬೇಕಾದರೆ ಕರೆಯಿರಿ ಎಂದು ಕಾರ್ಡು ಕೊಟ್ಟು ಹೋದ.

ಮಧ್ಯಾಹ್ನವಾದರೂ ಈಶಾ ಜಾಕೆಟ್ಟು ಬಿಚ್ಚಿರಲಿಲ್ಲ. ಕುತ್ತಿಗೆಯ ತನಕ ಜಿಪ್ಪು ಎಳೆದುಕೊಂಡು ಸೋಫಾದ ಮೂಲೆಯಲ್ಲಿ ಕೂತಿದ್ದಳು. ಅನ್ನ ಕಲಸಿ ತುತ್ತು ಕೊಟ್ಟರೆ ಚಿಕ್ಕ ಮಗುವಿನ ಹಾಗೆ ಬಾಯಿ ತೆರೆಯುತ್ತಿದ್ದಳು. ಎಡಗಡೆ ಎದೆಯ ಮೇಲಿನ ಹೊಲಿಗೆಯ ಹತ್ತಿರ ನನ್ನ ಕಣ್ಣು ಪದೇ ಪದೇ ಹೋಗುತ್ತಿತ್ತು.

ಫೋನ್ ಬಂತು. ಚನ್ನವೀರಪ್ಪನವರು.

"ವೈನಿ, ಚಂದ್ರಕಾಂತ್ರು ಸ್ಟೇಶನ್ನಿಂದ ಫೋನ್ ಮಾಡಿದ್ರು. ಹಿಂಗ ಆಗಬಾರದಿತ್ತ್ರಿ. ಮನೀ ಮಾತು ಪೊಲೀಸರ ತನಕಾ ಯಾಕ ಒಯ್ದ್ರಿ?" ದನಿ ತಗ್ಗಿಸಿದರು. "ಅಲ್ರೀ, ಒಂದು ಮಾತು. ಗುಂಡು ಹೊತ್ತಲಿಲ್ಲಂತಲ್ಲ, ಖರೇನ? ನನ್ನ ಕಡೇನೂ ಅದೇ ಡಬ್ಬಿ ಐತ್ರಿ. ವಾಕಿಂಗಿಗೆ ಹೋಗೂವಾಗ ಅದನ್ನ ನಂಬಿಕೊಂಡು ಜೇಬಿನಾಗ ಇಟಗೊಂಡಿರ್ತೀನಿ."

"ಈಶಾ ಚೆನ್ನಾಗಿದ್ದಾಳೆ" ಎಂದೆ.

"ಹಾಂ, ಹಾಂ, ಛಲೋ ಆತ್ರಿ. ಆ ಗುಂಡಿನ ವಿಚಾರ ಏನಂದ್ರು?"

ಫೋನ್ ಇಟ್ಟೆ. ಟೇಬಲ್ಲಿನ ಮೇಲಿದ್ದ ಕಾರ್ಡು ತೆಗೆದುಕೊಂಡು ಆ ಹುಡುಗ ಅಧಿಕಾರಿಯನ್ನು ಕರೆದೆ. ಅರೋರಾದಲ್ಲಿ ಇಂಥದ್ದೇ ಇನ್ನೊಂದಿದೆ, ಜೇಬಿನಲ್ಲಿ ಇಟ್ಟುಕೊಂಡು ಪಾರ್ಕಿಗೆ ಹೋಗುತ್ತಾರೆ ಎಂದೆ. ಹೆಸರು ಕೇಳಿದ. ಅಷ್ಟು ಉದ್ದದ ಹೆಸರು ಅವನಿಗೆ ಬರೆದುಕೊಳ್ಳಲಾಗಲಿಲ್ಲ. ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ.