ಅಪ್ಪನ ಬಂದೂಕು, ತೆಕ್ಲಾಳ ಬೆರಳು

ಮಾರುವುದಿಲ್ಲ, ಗರಗಸ ಮುಟ್ಟಿಸುವುದಿಲ್ಲ ಎಂದು ಸಾಯುತ್ತಿದ್ದ ಅಪ್ಪನ ಹಾಸಿಗೆಯ ಪಕ್ಕದಲ್ಲಿ ನಿಂತು ಮಾತು ಕೊಟ್ಟು ಹತ್ತೊಂಬತ್ತು ವರ್ಷವಾಯಿತು, ಈಗ ಅದೇ ಬಂದೂಕು ಈ ಅಂಗಡಿಯ ಗಾಜಿನ ಮೇಲೆ ಉದ್ದಕ್ಕೆ ಮಲಗಿದೆ, ಅಂಗಡಿಯವನು ಡುವೇನ್ ನಳಿಗೆಯ ಮೇಲೆ ಬೆರಳಾಡಿಸಿ ಆ ಬೆರಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾನೆ, ತುಕ್ಕು ಮುಚ್ಚಲು ನಾನೇ ಮೆತ್ತಿದ ಗ್ರೀಸು ಅದು, ಒರೆಸಿಕೊಳ್ಳಲಿ — ನನ್ನ ಕೈಯಲ್ಲಿ ಮೀನಿನ ಡಬ್ಬಿ ಕಾರ್ಖಾನೆಯ ವಾಸನೆ, ಅರ್ಧ ಪಾಳಿ ಬಿಟ್ಟು ಓಡಿಬಂದವಳು, ಹನ್ನೊಂದಕ್ಕೆ ಟಪಾಲು ವಿಮಾನ, ಅಷ್ಟರೊಳಗೆ ತೆಕ್ಲಾಳ ಕೈಗೆ ಒಂದು ಬಂದೂಕು ಕೊಟ್ಟು ಅವಳನ್ನು ಅಜ್ಜಿಯ ಮೀನು ಹಿಡಿಯುವ ಬಿಡಾರಕ್ಕೆ ಹತ್ತಿಸಬೇಕು. ಹದಿನೈದರ ನನ್ನ ಮಗಳು, ಎಪ್ಪತ್ತೆರಡರ ನನ್ನ ಅಮ್ಮ, ಇಬ್ಬರೇ, ಎರಡು ತಿಂಗಳು. ಇವಳ ಅಪ್ಪ ಬೇರಿಂಗ್ ಸಮುದ್ರದ ದೋಣಿ ಹತ್ತಿದವನು ಶರತ್ಕಾಲದವರೆಗೆ ಇಳಿಯುವುದಿಲ್ಲ, ನನಗೆ ಕಾರ್ಖಾನೆ ಶನಿವಾರ ಕೂಡ ಬಿಡುವುದಿಲ್ಲ, ಕರಡಿ ಮಾತ್ರ ಯಾರ ರಜೆಯನ್ನೂ ಕೇಳದೆ ಹೊಳೆಯಗುಂಟ ಬರುತ್ತದೆ, ನಮ್ಮ ಕೊಡಿಯಾಕ್ ದ್ವೀಪದ ಕರಡಿ ಎದ್ದು ನಿಂತರೆ ಮೀನು ಒಣಗಿಸುವ ಹೊಗೆಮನೆಯ ಸೂರು ಅದರ ಮೂಗಿಗೆ ತಾಗುತ್ತದೆ. ಇದನ್ನು ನೋಡಿ ಮೇಡಂ, ಹೆಣ್ಮಕ್ಳಿಗೆ ಅಂತ್ಲೇ ಬಂದಿರೋದು, ಎದೆಗೆ ಕಟ್ಕೊಂಡ್ರೆ ಎರಡೂ ಕೈ ಖಾಲಿ ಇರುತ್ವೆ, ಅನ್ನುತ್ತಾನೆ ಡುವೇನ್ — ಪಿಸ್ತೂಲು, ಹಿಡಿಗೆ ನೇರಳೆ ಬಣ್ಣ, ಹುಟ್ಟುಹಬ್ಬದ ಕೇಕಿನ ಹಾಗಿದೆ. ಬಣ್ಣ ಕರಡಿಗೆ ಹಿಡಿಸ್ಬೇಕಲ್ಲಪ್ಪ, ಅಂದೆ, ಅವನು ನಕ್ಕ, ತೆಕ್ಲಾ ನಗಲಿಲ್ಲ. ಎದೆಗೆ ಕಟ್ಟಿಕೊಂಡು ಬರುವವರನ್ನು ಪ್ರತಿ ಬೇಸಿಗೆ ನೋಡುತ್ತೇನೆ, ದಕ್ಷಿಣದ ರಾಜ್ಯಗಳಿಂದ ಗಾಳ ಹಿಡಿದು ಬರುವ ಸಾಹೇಬರು, ಒಂದು ಗೀರೂ ಬೀಳದ ಪಿಸ್ತೂಲು, ಮೀನಿಗಿಂತ ಅದರ ಫೋಟೋನೇ ಹೆಚ್ಚು. ಹೋದ ವರ್ಷ ಒಬ್ಬ ಪೊದೆ ಅಲುಗಿತೆಂದು ತನ್ನದೇ ರಬ್ಬರ್ ದೋಣಿಗೆ ಗುಂಡು ಹೊಡೆದು, ಸೊಂಟದ ಮಟ್ಟದ ನೀರಿನಲ್ಲಿ ನಿಂತು ನಮ್ಮನ್ನು ಕೂಗುತ್ತಿದ್ದ, ಪೊದೆಯೊಳಗಿಂದ ಬಂದದ್ದು ನರಿ. ಹಂಗಾದ್ರೆ ಕರಡಿ ಓಡ್ಸೋ ಖಾರದ ಸ್ಪ್ರೇ ಡಬ್ಬಿ? ಅದನ್ನು ಅಮ್ಮನೇ ಒಮ್ಮೆ ಒತ್ತಿದ್ದಳು, ಕಣಿವೆಯಿಂದ ಕೆಳಕ್ಕೆ ಬೀಸುವ ಗಾಳಿ ಖಾರವನ್ನೆಲ್ಲ ಅವಳ ಕಣ್ಣಿಗೇ ತಂದು ಸುರಿಯಿತು, ಮೂರು ದಿನ ಚಹಾದ ಸೊಪ್ಪು ಕಣ್ಣಿಗೆ ಕಟ್ಟಿಕೊಂಡು ಕೂತಿದ್ದಳು, ಅಂಗಡಿಯವರಿಗೆ ಗಾಳಿ ಗೊತ್ತಿಲ್ಲ, ಗಾಳಿ ಅವರಲ್ಲಿ ಮಾರಾಟಕ್ಕಿಲ್ಲ.

ಫೋನು ಕಿಸೆಯಲ್ಲಿ ಕುಣಿಯುತ್ತಿದೆ, ತಮ್ಮ ಗೆರಾಸಿಮ್, ಯಾರೋ ಹೇಳಿರಬೇಕು, ಈ ದ್ವೀಪದಲ್ಲಿ ಸೀನಿದರೂ ಆಚೆ ಕೊಲ್ಲಿಯವರಿಗೆ ಗೊತ್ತಾಗುತ್ತದೆ. ಅಕ್ಕಾ, ಅಪ್ಪನ ಬಂದೂಕ್ನ ಅಂಗಡಿಗೆ ಹೊತ್ಕೊಂಡ್ ಹೋಗಿದೀಯಂತೆ. ಹೌದು. ಮಾರಿದ್ರೆ ಈಸ್ಟರ್ ಹಬ್ಬಕ್ಕೆ ನಮ್ಮನೆ ಹೊಸ್ತಿಲು ತುಳೀಬೇಡ. ಸರಿ, ನೀನು ಎರಡು ತಿಂಗ್ಳು ಬಿಡಾರದಲ್ಲಿ ಇರ್ತೀಯಾ, ಹಾಗಾದ್ರೆ ಮಾರಲ್ಲ. ಅಲ್ಲ, ನಂಗೆ ದೋಣಿ ಇದೆಯಲ್ಲ ಅಕ್ಕಾ — ದೋಣಿ ಇದೆ, ಗಂಡಸರಿಗೆಲ್ಲ ಒಂದೊಂದು ದೋಣಿ ಇದೆ, ಅಪ್ಪನ ಮರ್ಯಾದೆ ಕಾಯಲು ಅವರಿಗೆ ಪುರುಸೊತ್ತು ದಂಡಿಯಾಗಿದೆ, ಅಪ್ಪನ ಹೆಂಡತಿಯನ್ನು ಕಾಯಲು ಇಲ್ಲ. ಮರ್ಯಾದೆಯಂತೆ. ಅಪ್ಪ ದೊಡ್ಡ ಬೇಟೆಗಾರನೇನೂ ಅಲ್ಲ, ಬೇಟೆಗೆ ಬರುವ ದುಡ್ಡಿನವರ ಹೊರೆ ಹೊರುತ್ತಿದ್ದವನು. ಈ ಬಂದೂಕು ಟೆಕ್ಸಸಿನ ಒಬ್ಬ ಹಲ್ಲಿನ ಡಾಕ್ಟರದ್ದು, ಆರೂವರೆ ಅಡಿ ಎತ್ತರದವನು, ತನ್ನ ತೋಳಿನ ಅಳತೆಗೆ ಭುಜಕ್ಕಾನಿಸುವ ಮರದ ಹಿಡಿ ಕಡೆಸಿಕೊಂಡು ಬಂದಿದ್ದ, ಮೊದಲ ಗುಂಡಿಗೇ ಅದರ ಒದೆತ ಅವನ ಹುಬ್ಬು ಸೀಳಿತು, ರಕ್ತ ಒರೆಸಿಕೊಂಡು, ತಗೋ ಯೆಫೀಮ್, ನೀನೇ ಇಟ್ಕೋ ಎಂದು ಅಪ್ಪನ ಮಡಿಲಿಗೆ ಹಾಕಿ ವಿಮಾನ ಹತ್ತಿದ. ಬೇಡವೆಂದು ಬಿಸಾಡಿದ್ದು ನಮ್ಮ ಮನೆಯಲ್ಲಿ ದೇವರ ಪಟದ ಎದುರಿನ ಗೋಡೆಗೆ ಏರಿತು, ಪಾದ್ರಿ ಬಂದಾಗ ಅವನಿಗೂ ತೋರಿಸುವುದು, ಎಂಟು ಕರಡಿ ಹೊಡೆದಿದೀನಿ ಫಾದರ್ ಇದ್ರಲ್ಲಿ, ಅಮ್ಮ ಒಲೆಯ ಹತ್ತಿರದಿಂದಲೇ, ಸುಮ್ನಿರ್ರೀ, ದೊಡ್ಡವ್ನಿಗೆ ಕೇಳ್ಸುತ್ತೆ — ಅವಳು ಕರಡಿಯ ಹೆಸರೆತ್ತುವುದಿಲ್ಲ, ನಮ್ಮಲ್ಲಿ ಹಳಬರು ಯಾರೂ ಎತ್ತುವುದಿಲ್ಲ, ಅದರ ಬಗ್ಗೆ ಜಂಬ ಕೊಚ್ಚಿಕೊಳ್ಳುವುದಂತೂ ಇಲ್ಲವೇ ಇಲ್ಲ, ಅಪ್ಪನೊಬ್ಬನೇ. ಎಂಟಲ್ಲ, ಎರಡು, ಅದರಲ್ಲೊಂದು ಊರ ಕಸದ ಗುಂಡಿಯಲ್ಲಿ ಹಲ್ಲುದುರಿದ ಮುದಿ ಹೆಣ್ಣು ಕರಡಿ. ಮನೆಗೆ ಮಾಂಸ ತರಲು ಹೋಗುವಾಗ ಅಪ್ಪ ಅಜ್ಜನ ಕಾಲದ ಗಿಡ್ಡ ಬಂದೂಕನ್ನೇ ಒಯ್ಯುತ್ತಿದ್ದ, ಅದೂ ಅವನ ಜೊತೆಗೇ ಸಮುದ್ರಕ್ಕೆ ಬಿದ್ದು ಹೋಯಿತು, ಅವನನ್ನು ಉಸಿರಿರುವಾಗಲೇ ಎತ್ತಿದರು ಅದನ್ನು ಎತ್ತಲಿಲ್ಲ. ಈ ದೊಡ್ಡದನ್ನು ಅವನು ಭುಜಕ್ಕೆ ಕೊಟ್ಟದ್ದನ್ನೇ ನಾನು ಕಂಡಿಲ್ಲ, ಕಂಕುಳಿನ ಕೆಳಗೆ ಸಿಕ್ಕಿಸಿಕೊಳ್ಳುತ್ತಿದ್ದ, ಏಕೆಂದರೆ ನಮ್ಮ ಮನೆಯವರೆಲ್ಲರ ತೋಳು ಗಿಡ್ಡ, ಅವನದು, ನನ್ನದು, ತೆಕ್ಲಾಳದು. ಗೊತ್ತಿತ್ತು ಅವನಿಗೆ. ಗೊತ್ತಿದ್ದೂ ಮಾತು ತಗೊಂಡ.

ಹಿಡಿ ಒಂದೂವರೆ ಅಂಗುಲ ಕೊಯ್ದು ಕೊಡ್ತೀನಿ ಮೇಡಂ, ಅರ್ಧ ಗಂಟೆ ಕೆಲ್ಸ, ಅನ್ನುತ್ತಾನೆ ಡುವೇನ್. ಕೊಯ್ದರೆ ಮಾತಿನ ಅರ್ಧ ಹೋಯಿತು, ಒದೆತ ಪೂರ್ತಿ ಉಳಿಯಿತು, ಆರೂವರೆ ಅಡಿಯವನ ಹುಬ್ಬು ಸೀಳಿದ್ದು ನನ್ನ ಮಗಳ ಹುಬ್ಬನ್ನು ಬಿಡುತ್ತದೆಯೇ, ಅದಲ್ಲದೆ ಒಂದು ಗುಂಡು ಹೊಡೆದ ಮೇಲೆ ಬೋಲ್ಟು ಎತ್ತಿ ಹಿಂದಕ್ಕೆಳೆದು ಮುಂದೂಡಿ ಕೂರಿಸಬೇಕು, ಉಪ್ಪುಗಾಳಿಗೆ ಅದು ಸುತ್ತಿಗೆ ಕೇಳುತ್ತದೆ. ಹೋದ ಆಗಸ್ಟಿನಲ್ಲಿ ಒಂದು ಗುಂಡೂ ಬೇಕಾಗಲಿಲ್ಲ, ಬೇಕಾಗಲಿಲ್ಲ ಎನ್ನುವುದೂ ಗೆರಾಸಿಮನ ಮಾತೇ — ನಾನು ಬಲೆ ತುಂಬಿಕೊಂಡು ದೋಣಿಯಲ್ಲಿ ಬರುತ್ತಿದ್ದೆ, ದಡಕ್ಕೆ ಇನ್ನೂ ಹತ್ತು ಮಾರು, ಹೊಗೆಮನೆಯ ಬಾಗಿಲಲ್ಲಿ ತೆಕ್ಲಾ, ಅವಳ ಬೆನ್ನ ಹಿಂದೆ ಅಮ್ಮ, ಇಪ್ಪತ್ತು ಹೆಜ್ಜೆ ಆಚೆ ಮೀನು ತೂಗುಹಾಕಿದ ಗಳುಗಳ ನಡುವೆ ಅದು, ಇವಳು ಈ ಬಂದೂಕನ್ನೇ ಭುಜಕ್ಕೆ ಕೊಟ್ಟಿದ್ದಾಳೆ, ಮೊಣಕೈ ನೆಟ್ಟಗಾಗಿದೆ, ಬೆರಳು ಹೋಗುತ್ತಿದೆ, ಬಂದೂಕಿನ ಕುದುರೆಗೆ ಒಂದಂಗುಲ ಇರುವಾಗ ನಿಂತಿತು, ಹಿಡಿಯ ಮರವನ್ನು ಕೆರೆಯುತ್ತಿದೆ, ಉಗುರು ಬಿಳಿ. ಆಮೇಲೆ ಕರಡಿ ಒಂದು ಗಳು ಮೀನು ಕಿತ್ತುಕೊಂಡು, ನಮ್ಮನ್ನು ಲೆಕ್ಕಕ್ಕೇ ಇಡದೆ, ಹಿತ್ತಲಲ್ಲಿ ಓಡಾಡಿದ ಹಾಗೆ ಹೊರಟುಹೋಯಿತು. ನೋಡ್ದ್ಯಾ ಅಕ್ಕಾ, ಅಪ್ಪನ ಬಂದೂಕು ಕಂಡ್ರೆ ಸಾಕು, ಕರಡಿ ಕಾಲಿಗೆ ಬುದ್ಧಿ ಹೇಳುತ್ತೆ — ಊರೆಲ್ಲ ನಕ್ಕಿತು, ತೆಕ್ಲಾ ಕೂಡ ನಕ್ಕಳು, ಬೆರಳನ್ನು ಕಂಡವಳು ನಾನೊಬ್ಬಳೇ. ಇವರನ್ನೆಲ್ಲ ಆಡಿಕೊಳ್ಳಲು ನನಗೇನು ಬಾಯಿದೆ, ಗೋಡೆಯಿಂದ ಇಳಿಸಿ ಅವಳ ಕೈಗೆ ಕೊಟ್ಟವಳು ಯಾರು, ಭುಜಕ್ಕೆ ಕೊಟ್ಟು ನೋಡು ಮಗಾ ಎಂದು ಒಂದು ಸಲ ಹೇಳದವಳು ಯಾರು, ಮೀನಿನ ಚಾಕು ಕೊಳ್ಳುವಾಗ ಅವಳ ಅಂಗೈ ಅಳೆದು ಕೊಂಡವಳು ನಾನೇ. ಬಂದೂಕಿಗೆ ಮಾತ್ರ ಸತ್ತವನ ಮಾತು ಅಳತೆ, ಥೂ.

ಆ ಗಿಡ್ಡದನ್ನ ತೆಗೀರಿ, ಮೇಲಿನದಲ್ಲ, ಅದರ ಕೆಳಗಿಂದು, ಉಪ್ಪುನೀರು ತಡೆಯೋ ಬೆಳ್ಳಿ ಬಣ್ಣದ್ದು. ಪಂಪ್ ಬಂದೂಕು, ಮುಂದಿನ ಹಿಡಿಯನ್ನು ಎಳೆದು ನೂಕಿದರೆ ಮುಂದಿನ ತೋಟಾ ತಾನೇ ಬರುತ್ತದೆ, ಒಂಟಿ ಗುಂಡಿನ ದಪ್ಪ ತೋಟಾ. ಇದಾ ಮೇಡಂ, ಇದರಲ್ಲಿ ಅಂಥಾ ಗತ್ತಿಲ್ಲ. ಗತ್ತು ಹತ್ತೊಂಬತ್ತು ವರ್ಷ ಗೋಡೇಲಿತ್ತಪ್ಪ, ಸಾಕು. ತೆಕ್ಲಾ ಭುಜಕ್ಕೆ ಕೊಡುತ್ತಾಳೆ, ಡುವೇನ್ ಗುಂಡಿಲ್ಲದ ತೋಟಾ ತುಂಬುತ್ತಾನೆ, ಎಳಿ ಅಂದೆ, ಎಳೆದಳು, ಅರ್ಧಕ್ಕೇ ಮುಂದೂಡಿದಳು, ಬರಿ ಟಕ್, ಒಳಗೆ ಏನೂ ಬರಲಿಲ್ಲ. ಪೂರ್ತಿ ಎಳಿ. ಎಳ್ದೆ ಅಲ್ವಾಮ್ಮಾ. ಎಳೀಲಿಲ್ಲ, ಎಳೀತೀನಿ ಅನ್ಕೊಂಡೆ, ಮುರಿದು ಹೋಗೋ ಹಂಗೆ ಎಳಿ. ನಿಧಾನ ಮೇಡಂ, ಹೊಸ ಮಾಲು, ಅನ್ನುತ್ತಾನೆ ಡುವೇನ್. ಮತ್ತೆ, ಮತ್ತೆ, ತೋಟಾ ಹಾರಿ ಗಾಜಿನ ಮೇಲೆ ಉರುಳಿತು, ಆರನೇ ಸಲ, ಏಳನೇ ಸಲ, ಬಾಗಿಲ ಹತ್ತಿರ ಸಾಲಿನಲ್ಲಿ ನಿಂತ ಇಬ್ಬರು ಗಂಡಸರು ಕೆಮ್ಮುತ್ತಾರೆ, ಕೆಮ್ಮಲಿ. ಡುವೇನ್ ಕಾಗದ ನೂಕುತ್ತಾನೆ, ಹಳೇದನ್ನ ಇಟ್ಕೊಂಡು ಇದನ್ನ ಕೊಡ್ತೀನಿ, ತೋಟಾ ಡಬ್ಬಿಗಳೂ ಸೇರಿ, ಇನ್ನೊಂದ್ಸಲ ಯೋಚ್ನೆ ಮಾಡಿ ಮೇಡಂ, ಅಪ್ಪಂದು ಅಂತೀರಿ. ಅಮ್ಮಾ, ಅಜ್ಜಿ ಬೈತಾಳಾ? ಅಜ್ಜಿ ಬದುಕಿದ್ರೆ ತಾನೇ ಬೈಯೋದು, ಬೈಲಿ ಬಿಡು, ಎಳಿ. ಎಳೆದಳು, ನೂಕಿದಳು, ಮೊಣಕೈ ಇನ್ನೂ ಬಾಗಿದೆ, ಬೆರಳು ಹೋಗುತ್ತಿದೆ — ದೋಣಿಯಿಂದ ಕಂಡದ್ದು, ಒಂದಂಗುಲ, ಮರ ಕೆರೆಯುವುದು, ಉಗುರು ಬಿಳಿ — ಬೆರಳು ಹೋಗುತ್ತಿದೆ, ಕುದುರೆಯ ಮೇಲೆ ಕೂತಿತು, ಮೊದಲ ಗೆಣ್ಣಿನವರೆಗೆ ಸುತ್ತಿಕೊಂಡಿತು, ಉಗುರು ಕೆಂಪು. ಆ ಬೆರಳು. ಪೆನ್ನು ಎಲ್ಲಿ.

ಸಹಿ ಹಾಕಿದೆ. ಅಪ್ಪನ ಬಂದೂಕು ಮಾರಿದೆ. ಮಾತು ಮುರಿದೆ.